ಸುನ್ನತ್ತಿಗೆ ಕಂಡಕ್ಟರನ ಸಲಹೆ

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ನಮ್ಮ ಬಸ್ಸಿನಲ್ಲಿ ಬ್ಯಾರಿ ಮುಸ್ಲಿಂ ಯುವಕನೊಬ್ಬ ಫೋನಿನಲ್ಲಿ ಹೆಂಡತಿಯ ಹತ್ತಿರ ವಾದ ಮಾಡುತ್ತಿದ್ದ. ಮೂರು ದಿನದ ಮಗನಿಗೆ ಸುನ್ನತ್ ಆಸ್ಪತ್ರೆಯಲ್ಲೇ ಮಾಡಿಸುವುದೋ, ಐದು ವರ್ಷ ಕಾಯುವುದೋ?

ಪಕ್ಕದ ಸೀಟಿನ ಅಜ್ಜ, "ದೊಡ್ಡವನಾಗಲಿ, ಧೈರ್ಯ ಬರ್ತದೆ" ಅಂದರು.

ಟಿಕೆಟ್ ಕೊಡುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಎಂತ ಧೈರ್ಯ ಅಜ್ಜಾ! ಬ್ಯಾರಿ ಅಲ್ಲದ ನನಗೂ ನಲವತ್ತರಲ್ಲಿ ಡಾಕ್ಟ್ರು ಅದನ್ನೇ ಮಾಡಿದ್ದು, ಶುಗರಿನಿಂದ ತುದಿಯ ಚರ್ಮ ಬಿಗಿದು. ಹದಿನೈದು ದಿನ ಲುಂಗಿ ಎತ್ತಿ ಹಿಡ್ಕೊಂಡೇ ನಡೆದಿದ್ದೇನೆ. ಈಗಲೇ ಮಾಡಿಸಿ, ಮಗುವಿಗೆ ನೆನಪೇ ಇರುವುದಿಲ್ಲ."

ಯುವಕ ಫೋನಿಗೆ, "ಈಗಲೇ ಮಾಡಿಸುವ" ಅಂದ.

ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಹಿಂದೆ ತಿರುಗಿದ. "ನೀನು ಆಗ ಕಾಮಾಲೆ ಅಂತ ಅಲ್ವಾ ರಜೆ ಹಾಕಿದ್ದು? ಮತ್ತೆ ನಾನು ದಿನಾ ತಂದು ಕುಡಿಸಿದ ನೆಲನೆಲ್ಲಿ ಕಷಾಯ ಎಂತಕ್ಕೆ ಮಾರಾಯ?"

ಗಾಯ ಒಣಗಿದ್ದೇ ಅದರಿಂದ ಅಂದೆ. ಈಗ ಡ್ರೈವರ್ ಕಂಡವರಿಗೆಲ್ಲ ಸುನ್ನತ್ತಿಗೂ ಅದೇ ಮದ್ದು ಹೇಳುತ್ತಿದ್ದಾನೆ.