ದೊಡವಾಡದಲ್ಲಿ ನಾನು ತಿರುಚಿದ ಮಾತು

ಕಸ್ತೂರಿಯವರೇ, ನಿಮ್ಮ ತಂದೆಯದು ಏನೂ ತಪ್ಪಿರಲಿಲ್ಲ. ಈ ಸಂಗತಿ ನನಗೆ ಇಂದು ನಿನ್ನೆ ತಿಳಿದದ್ದಲ್ಲ — ಇಪ್ಪತ್ತೆಂಟು ವರ್ಷಗಳಿಂದ ಗೊತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ಮುಚ್ಚಿಟ್ಟೆ ಎಂದರೂ ಕಡಿಮೆಯೇ. ಆ ಸತ್ಯವನ್ನು ಹೇಳಲೆಂದೇ ನಿಮ್ಮ ಮನೆಗೆ ಬಂದಿದ್ದ ಮನುಷ್ಯನ ಮಾತನ್ನು, ನಿಮ್ಮ ಪಡಸಾಲೆಯಲ್ಲೇ ಕುಳಿತು, ನಿಮ್ಮ ತಾಯಿ ಕೊಟ್ಟ ಚಹಾ ಕುಡಿಯುತ್ತ, ನಾನು ತಿರುಚಿ ಹೇಳಿದೆ.

ಮೇಷ್ಟ್ರು ಇಂಥದ್ದನ್ನು ಮಾಡಿಯಾರೇ ಎಂದು ನಿಮಗೆ ಅನ್ನಿಸಬಹುದು. ಬೈಲಹೊಂಗಲದ ಕಾಲೇಜಿನಲ್ಲಿ ಎರಡು ವರ್ಷ ನಿಮಗೆ ಇಂಗ್ಲಿಷ್ ಕಲಿಸಿದವನು ನಾನು. ಹಾಜರಿ ಕೂಗುವಾಗ ನಿಮ್ಮ ಹೆಸರು ಬಂದರೆ ಹಿಂದಿನ ಬೆಂಚಿನಿಂದ ‘ಇಮಾನ ಸುಟ್ಟವರು’ ಎಂಬ ಪಿಸುಮಾತು ಬರುತ್ತಿತ್ತು. ನಿಮ್ಮ ತಂದೆ ಸೋಮಪ್ಪನವರು ವಾಯುಪಡೆಗೆ ಸೇರಿದಾಗ ವಿಮಾನಕ್ಕೆ ಇಮಾನ ಎನ್ನುವ ಊರು ನಿಮ್ಮ ಮನೆತನಕ್ಕೆ ‘ಇಮಾನದವರು’ ಎಂದು ಅಡ್ಡಹೆಸರಿಟ್ಟಿತ್ತಂತೆ; ಅವರು ಸತ್ತ ಮೇಲೆ ಅದೇ ಊರು ಅದಕ್ಕೆ ಇನ್ನೊಂದು ಶಬ್ದ ಸೇರಿಸಿತು. ಆ ಹುಡುಗರನ್ನು ನಾನು ಎದ್ದುನಿಲ್ಲಿಸಿ ಬೈದಿದ್ದೆ — ಅಷ್ಟು ದೊಡ್ಡ ನ್ಯಾಯವಂತ ನಾನು! ಥೂ.

ಅಂದು ನಿಮ್ಮ ಮನೆಗೆ ಬಂದಿದ್ದ ಸಾಹೇಬರ ವಿಷಯ ನಿಮಗೆ ಅರ್ಧ ಗೊತ್ತು. ಅವರ ಅಜ್ಜ ಹೂಲಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದವರು. ತಂದೆ ನೌಕರಿಗಾಗಿ ಉತ್ತರಕ್ಕೆ ಹೋಗಿ ಅಲ್ಲೇ ನಿಂತವರು. ಸಾಹೇಬರಿಗೆ ‘ನಮಸ್ಕಾರ’ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಆದರೂ ಏರ್ ಮಾರ್ಷಲ್ ಆಗಿ ನಿವೃತ್ತರಾದವರು, ಯುದ್ಧ ನಡೆಸಿದವರು, ನಮ್ಮ ಸೀಮೆಯ ರಕ್ತ — ನಮ್ಮವರೆಂದು ಹೊತ್ತು ಮೆರೆಸಲು ನಮಗೆ ಇಷ್ಟು ಸಾಕಾಗಿತ್ತು. ಸನ್ಮಾನ ಸಮಿತಿಯಾಯಿತು. ಅವರ ಸೇವಾಜೀವನದ ಪುಸ್ತಕ ಬರೆಯುವ ಕೆಲಸ ನನಗೆ ಬಂತು. ಚಿಕ್ಕ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಏರಿದ್ದು, ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯ ಒಂದು ವಾಯುನೆಲೆಯ ಮುಖ್ಯಸ್ಥರಾಗಿದ್ದದ್ದು, ಪದಕ, ಬಡ್ತಿ, ದಿಲ್ಲಿಯ ಕುರ್ಚಿ — ಬರೆದದ್ದೇ ಬರೆದದ್ದು. ಯಾರೋ ಕಳಿಸಿದ ಹಳೆಯ ವರದಿಯೊಂದನ್ನು ನೋಡಿ, ‘ತಂತ್ರಜ್ಞನೊಬ್ಬನ ಅಲಕ್ಷ್ಯದಿಂದ ವಿಮಾನ ಹೊತ್ತಿ ಉರಿದಾಗಲೂ ಎದೆಗುಂದದ ಸೇನಾನಿ’ ಎಂದೂ ಬರೆದೆ. ಆ ತಂತ್ರಜ್ಞ ಯಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದು, ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಓದಿಕೊಂಡೆ.

ಸನ್ಮಾನ ಬೈಲಹೊಂಗಲದಲ್ಲಿ ಸಂಜೆ ನಾಲ್ಕಕ್ಕೆ ಇತ್ತು. ಬೆಳಗ್ಗೆ ಸಾಹೇಬರು ದೊಡವಾಡದ ನಿಮ್ಮ ಮನೆಗೆ ಹೋಗಬೇಕೆಂದು ಹಟ ಹಿಡಿದರು. ಕಾರಿನಲ್ಲಿ ನಾವಿಬ್ಬರು, ಮುಂದೆ ಡ್ರೈವರ್. ಊರು ದಾಟಿದ ಮೇಲೆ ಅವರು ಇಂಗ್ಲಿಷಿನಲ್ಲಿ ಹೇಳತೊಡಗಿದರು — ನನ್ನ ಕಡೆ ನೋಡದೆ.

ಯುದ್ಧದ ಆರನೆಯ ದಿನ. ಹಾರಾಟ ಮುಗಿಸಿ ಬಂದ ವಿಮಾನದ ಇಂಧನದ ಕೊಳವೆ ಬಿರುಕು ಬಿಟ್ಟಿದೆ ಎಂದು ನಿಮ್ಮ ತಂದೆ ವರದಿ ಮಾಡಿದರಂತೆ. ವಿಮಾನ ಹಾರಬಹುದು ಎಂಬ ಕಾಗದಕ್ಕೆ ಸಹಿ ಹಾಕಲಾರೆ ಎಂದರಂತೆ. ಸಾಹೇಬರೇ ಅಲ್ಲಿಗೆ ಹೋಗಿ, ಇದು ನನ್ನ ಆಜ್ಞೆ, ಸಹಿ ಹಾಕು ಎಂದರು. ಹಾಕಿದರು. ವಿಮಾನ ನೆಲ ಬಿಡುವ ಮೊದಲೇ ಹೊತ್ತಿಕೊಂಡಿತು. ಒಳಗಿದ್ದ ಪೈಲಟ್‌ನನ್ನು ಎಳೆಯಲು ಓಡಿದವರು ನಿಮ್ಮ ತಂದೆ ಒಬ್ಬರೇ — ಇಬ್ಬರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಕಾಗದ ಮಾತಾಡಿತು; ಕಾಗದದ ಮೇಲೆ ಇದ್ದದ್ದು ಸೋಮಪ್ಪನವರ ಸಹಿ. ಸಾಹೇಬರು ಸುಮ್ಮನಿದ್ದರು. ಯುದ್ಧದ ನಡುವೆ ನೆಲೆಯ ಮುಖ್ಯಸ್ಥನ ಮೇಲೆ ಕಳಂಕ ಬರಬಾರದು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಯುದ್ಧ ಮುಗಿಯಿತು, ಆಮೇಲೂ ಸುಮ್ಮನಿದ್ದರು. “ನಂತರದ ನನ್ನ ಒಂದೊಂದು ಬಡ್ತಿಯೂ ಆ ಸಹಿಯ ಮೇಲೆ ನಿಂತಿದೆ” ಎಂದರು.

ನನಗೆ ದಿಗಿಲಾಯಿತು. ಸೋಮಪ್ಪನವರಿಗಾಗಿ ಅಲ್ಲ, ನಿಮಗಾಗಿಯೂ ಅಲ್ಲ — ನನ್ನ ಪುಸ್ತಕಕ್ಕಾಗಿ. ಐದು ನೂರು ಪ್ರತಿ ಅಚ್ಚಾಗಿ ಸಭಾಂಗಣದಲ್ಲಿ ಬಂದು ಕೂತಿದ್ದವು. ಮೊದಲು ಸನ್ಮಾನ ಮುಗಿಯಲಿ, ನಾಳೆ ಹೋಗೋಣ ಎಂದೆ. ಅವರು ಒಪ್ಪಲಿಲ್ಲ. ಸೋಮಪ್ಪನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ ಅಲ್ಲವೇ ಎಂದು ಕೇಳಿ, ಎಲ್ಲವನ್ನೂ ನೀವು ಬಿಡಿಸಿ ಹೇಳಿ, ಆದರೆ ಒಂದು ಮಾತನ್ನಾದರೂ ನನ್ನ ಬಾಯಿಂದಲೇ ಹೇಳಬೇಕು ಎಂದರು. ನಾನೇ ಕಲಿಸಿದೆ — ‘ತಪ್ಪು ನಂದು’. ಎಪ್ಪತ್ತು ವರ್ಷದ ಆ ಮನುಷ್ಯ ದಾರಿಯುದ್ದಕ್ಕೂ ಒಂದನೆಯ ಇಯತ್ತೆಯ ಹುಡುಗನ ಹಾಗೆ ಅದನ್ನೇ ಉರು ಹೊಡೆದರು.

ನೀವು ಆಗ ಮದುವೆಯಾಗಿ ರಾಮದುರ್ಗದಲ್ಲಿದ್ದಿರಿ. ನಿಮ್ಮ ತಾಯಿ ನೀಲವ್ವನವರು ಗಡಿಬಿಡಿಯಿಂದ ಕಂಬಳಿ ಹಾಸಿ, “ಬರ್ರಿ ಸಾಹೇಬ್ರ, ಕುಂದರ್ರಿ” ಎಂದರು. ಬಾಗಿಲ ತುಂಬ ಓಣಿಯ ಮಂದಿ. ಚಹಾ ಬಂತು. ಸಾಹೇಬರು ಕಪ್ಪನ್ನು ಕೆಳಗಿಟ್ಟು, ಎದ್ದು ನಿಂತು, ಕೈ ಮುಗಿದು, “ತಪ್ಪು... ನಂದು” ಎಂದರು.

ನೀಲವ್ವನವರು ನನ್ನ ಮುಖ ನೋಡಿದರು. “ನಮ್ಮ ಮನಿಯವ್ರ ಬಗ್ಗೆ ಏನರ ಹೇಳಾಕ ಬಂದಾರೇನ್ರಿ, ಸರ್ರ?”

ಆ ಪ್ರಶ್ನೆಯಲ್ಲಿ ಏನಿತ್ತೆಂದು ನನಗೆ ಗೊತ್ತಾಗಲಿಲ್ಲ ಎಂದು ಹೇಳಲಾರೆ. ಇಪ್ಪತ್ತೈದು ವರ್ಷ ಕಾದವರ ಪ್ರಶ್ನೆ ಅದು. ಓಣಿಯ ಮಂದಿ ಕಿವಿ ನಿಮಿರಿಸಿ ನಿಂತಿದ್ದರು. ಅಲ್ಲೇ, ಆ ಕ್ಷಣದಲ್ಲೇ ನಿಮ್ಮ ಮನೆಯ ಮೇಲಿನ ಕೆಟ್ಟ ಹೆಸರು ತೊಳೆದುಹೋಗುತ್ತಿತ್ತು. ನಾನು ನಕ್ಕೆ — ಹೌದು, ನಕ್ಕೆ. “ಬರೂದು ಭಾಳ ತಡಾ ಆತು, ತಪ್ಪು ನಂದು ಅನ್ನಾಕತ್ತಾರ್ರಿ. ಸುಮ್ನ ನಿಮ್ಮನ್ನ ನೋಡಿ ಹೋಗಾಕ ಬಂದಾರ.”

“ಅಯ್ಯ, ಹಂಗ್ಯಾಕ ಅಂತೀರ್ರಿ ಸಾಹೇಬ್ರ? ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ದೊಡ್ಡಾವ್ರು, ಮನೀತನಕಾ ಬಂದ್ರಲ್ಲ, ಅದ ಸಾಕು.”

ಎಲ್ಲವನ್ನೂ ನಾನು ಬಿಡಿಸಿ ಹೇಳಿದೆನೆಂದೇ ನಂಬಿ, ಆಕೆ ಏನೆಂದರು ಎಂದು ಸಾಹೇಬರು ಕೇಳಿದರು. ನಿಮ್ಮದೇನೂ ತಪ್ಪಿಲ್ಲ ಎನ್ನುತ್ತಾರೆ ಎಂದೆ. ಅಕ್ಷರ ಅಕ್ಷರ ಸರಿಯಾದ ಅನುವಾದ! ಅವರು ಕಂಬ ಹಿಡಿದುಕೊಂಡು ಅತ್ತುಬಿಟ್ಟರು. ಪ್ರಯಾಣದ ದಣಿವು, ವಯಸ್ಸಾಗಿದೆ ಎಂದು ನಾನು ಮಂದಿಗೆ ಸಮಜಾಯಿಷಿ ಕೊಟ್ಟೆ. ಏತಕ್ಕೆಂದೇ ತಿಳಿಯದ ಕ್ಷಮೆಯನ್ನು ನಿಮ್ಮ ತಾಯಿಯ ಬಾಯಿಂದ ಕೊಡಿಸಿದೆ. ಕೇಳಬೇಕಾದದ್ದನ್ನು ಅವರ ಕಿವಿಗೆ ಬೀಳಗೊಡಲಿಲ್ಲ. ಒಂದೇ ಮಾತಿನಲ್ಲಿ ಇಬ್ಬರಿಗೂ ಮೋಸ.

ಸಂಜೆ ಪುಸ್ತಕ ಬಿಡುಗಡೆಯಾಯಿತು. ನನಗೂ ಶಾಲು ಹೊದಿಸಿದರು. ಎರಡು ವರ್ಷದ ನಂತರ ಸಾಹೇಬರಿಂದ ಒಂದು ಕಾಗದ ಬಂತು — ಎಲ್ಲವನ್ನೂ ಮತ್ತೊಮ್ಮೆ ಬರೆದಿದ್ದರು, ಸಹಿಯ ವಿಷಯವನ್ನೂ. ಆ ತಾಯಿಯ ಮಾತಿನಿಂದ ತಮ್ಮ ಜೀವ ಹಗುರಾಗಿದೆ ಎಂದಿದ್ದರು. ಆಗಲಾದರೂ ಆ ಕಾಗದ ಹಿಡಿದು ದೊಡವಾಡದ ಬಸ್ಸು ಹತ್ತಬಹುದಿತ್ತು. ಹರಿದು ನೀರೊಲೆಗೆ ಹಾಕಿದೆ. ಅದೇ ವರ್ಷ ಸಾಹೇಬರು ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದೆ.

ಇಷ್ಟೇ ಆಗಿದ್ದರೆ — ಒಂದು ಒಳ್ಳೆಯ ಸುದ್ದಿ ತಲುಪಲಿಲ್ಲ ಅಷ್ಟೇ ತಾನೇ, ಇದ್ದದ್ದು ಇದ್ದ ಹಾಗೇ ಉಳಿಯಿತು — ಹೀಗೆಂದುಕೊಂಡು ನಾನು ಸತ್ತುಹೋಗುತ್ತಿದ್ದೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಹೋದ ತಿಂಗಳು ನಿಮ್ಮ ತಾಯಿ ತೀರಿಕೊಂಡ ಮೂರನೆಯ ದಿನ ಮಾತಾಡಿಸಲು ಬಂದೆನಲ್ಲ, ನೀವು ಪಡಸಾಲೆಯಲ್ಲಿ ಕೂತು ಏನು ಹೇಳಿದಿರಿ ನೆನಪಿದೆಯೇ?

“ಸಾಹೇಬ್ರು ಬಂದು ಹ್ವಾದಮ್ಯಾಲ ಅವ್ವ ಬದಲಾದ್ಲು ನೋಡ್ರಿ, ಸರ್ರ. ಅದಕ್ಕೂ ಮೊದಲ ಅಪ್ಪನ ಬಗ್ಗೆ ಯಾರರ ಒಂದ ಮಾತ ಅಂದ್ರ ಸೆರಗ ಕಟ್ಟಿ ಜಗಳಕ್ಕ ನಿಲ್ಲತಿದ್ಲು. ನನ್ನ ಗಂಡ ಅಂಥಾ ಮನಷ್ಯಾ ಅಲ್ಲ ಅಂತಿದ್ಲು. ಸಾಹೇಬ್ರು ಅಷ್ಟ ದೂರದಿಂದ ಬಂದ್ರು, ಆ ಪೈಲಟ್ ಹುಡುಗನ್ನ ನೆನಸೇ ಅತ್ತಿರಬೇಕು, ನಿಮ್ಮಪ್ಪನ ಹೆಸರ ಸುದ್ದಾ ಎತ್ತಲಿಲ್ಲ. ಅಂದಮ್ಯಾಲ ಮಂದಿ ಅನ್ನೂದ ಖರೇ ಇರಬೇಕು ಅಂದ್ಲು. ಆ ವರ್ಷದಿಂದ ಸತ್ತ ಹಿರೇರ ಹಬ್ಬಕ್ಕ ಅಪ್ಪಗ ಊಟದ ಎಡಿ ಹಿಡಿಯೂದ ಬಿಟ್ಲು.”

ನೀವು ಕಣ್ಣು ಒರೆಸಿಕೊಂಡು ಒಳಗೆ ಹೋದಿರಿ. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಬಿದ್ದೆ.

ಕಸ್ತೂರಿಯವರೇ, ಇಡೀ ಊರು ಬೆರಳು ತೋರಿದಾಗ ನಿಮ್ಮ ತಂದೆಯ ಪರವಾಗಿ ನಿಂತಿದ್ದ ಒಂದೇ ಜೀವ ನಿಮ್ಮ ತಾಯಿ. ಅವರನ್ನೂ ನಾನು ಕಿತ್ತುಕೊಂಡೆ. ಆ ಪೈಲಟ್‌ನ ಸಾವಿಗೂ ತನ್ನ ಸಾವಿಗೂ ಗಂಡನೇ ಕಾರಣನೆಂದು ನಂಬಿ ಇಪ್ಪತ್ತೆಂಟು ವರ್ಷ ಬದುಕಿ, ನಂಬಿಕೊಂಡೇ ಹೋದರು. ಯಾವ ಪೂಜೆ, ಯಾವ ಪ್ರಾಯಶ್ಚಿತ್ತ ಅದನ್ನು ಸರಿಮಾಡೀತು? ನಾನು ಹುಡುಕಿ ಸಾಕಾಗಿದೆ. ಇಲ್ಲ.

ನನ್ನ ಹತ್ತಿರ ಸಾಕ್ಷಿಯಿಲ್ಲ. ಸಾಹೇಬರಿಲ್ಲ, ಕಾಗದ ಬೂದಿಯಾಗಿದೆ. ನನ್ನ ಪುಸ್ತಕ ಮಾತ್ರ ಸವದತ್ತಿ, ಕಿತ್ತೂರು ಕಡೆಯ ಸಾಲೆಗಳ ಕಪಾಟಿನಲ್ಲಿ ಆ ಸುಳ್ಳನ್ನು ಇಟ್ಟುಕೊಂಡು ಇನ್ನೂ ಕೂತಿದೆ. ಉಳಿದಿರುವುದು ನನ್ನ ಮಾತು — ಅದಕ್ಕೆ ಎಷ್ಟು ಬೆಲೆಯೆಂದು ಈಗ ನಿಮಗೆ ಗೊತ್ತಾಗಿದೆ. ಮುದುಕನಿಗೆ ಅರಳುಮರಳು ಎಂದು ಊರು ನಕ್ಕರೆ ಏನು ಹೇಳಲಿ? ನೀವೇ ನಂಬದಿದ್ದರೆ...

ಸೋಮವಾರ ಬೆಳಗಿನ ಬಸ್ಸಿಗೆ ದೊಡವಾಡಕ್ಕೆ ಬರುತ್ತೇನೆ. ಓಣಿಯ ಮಂದಿಯನ್ನು ಕರೆದು, ಸೋಮಪ್ಪನವರು ಏನು ಮಾಡಿದರು, ಸಾಹೇಬರು ಏನು ಮಾಡಿದರು, ನಾನು ಏನು ಮಾಡಿದೆ, ಎಲ್ಲವನ್ನೂ ಹೇಳುತ್ತೇನೆ. ನಿಮಗೆ ನನ್ನ ಮುಖ ನೋಡುವುದು ಬೇಡವಾದರೆ ಬಾಗಿಲು ಹಾಕಿಕೊಳ್ಳಿ. ನಾನು ಹೊರಗೆ ನಿಂತೇ ಹೇಳಿ ಹೋಗುತ್ತೇನೆ.