ರಕ್ತಸಾಕ್ಷಿಯ ತಟ್ಟೆ

ಪಂಪ್‌ವೆಲ್ ಮೇಲ್ಸೇತುವೆಯ ಬದಿಯಲ್ಲಿ ನಮ್ಮದೊಂದು ಫ್ರೇಮ್ ಅಂಗಡಿ. ಗಂಡ ಗಾಜು ಕೊಯ್ದು ಪಟಗಳಿಗೆ ಕಟ್ಟು ಹಾಕುತ್ತಾರೆ. ಬಸ್ಸುಗಳು ಎಬ್ಬಿಸುವ ಧೂಳು ಒರೆಸುವುದು, ಬಂದವರೊಡನೆ ಮಾತಾಡುವುದು ನನ್ನ ಪಾಲು. ದೇವರ ಪಟಗಳೇ ಹೆಚ್ಚು, ಅದರಲ್ಲೂ ಹಳೆಯ ಕ್ಯಾಲೆಂಡರಿನವು. ದೇವರ ಪಾದದ ಕೆಳಗೆ ಅಚ್ಚಾದ ಬಟ್ಟೆ ಅಂಗಡಿಯ ಜಾಹೀರಾತನ್ನು ಹಿಂದಕ್ಕೆ ಮಡಚಿ ಕಟ್ಟು ಹಾಕುವುದು ನಮ್ಮ ರೂಢಿ. ಯಾರೂ ಹೇಳಬೇಕೆಂದಿಲ್ಲ.

ಕಳೆದ ವರ್ಷ ನಮ್ಮ ಓಣಿಯ ಟೀಚರ್ ಸುರುಳಿ ಸುತ್ತಿದ ದೊಡ್ಡ ಚಿತ್ರವೊಂದನ್ನು ತಂದರು. ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು, ಒಬ್ಬರೇ ಇರುವವರು. ಗಡ್ಡೆ ಎಂದು ಅವರ ಎಡ ಎದೆಯನ್ನು ತೆಗೆದು ಕೆಲವೇ ತಿಂಗಳಾಗಿತ್ತು. ಆಮೇಲಿಂದ ಸೆರಗನ್ನು ಎರಡು ಸುತ್ತು ಹೊದ್ದುಕೊಂಡೇ ಹೊರಗೆ ಬರುತ್ತಿದ್ದರು. ಚಿತ್ರ ಕಳಿಸಿದ್ದು ಇಟಲಿಯಲ್ಲಿ ಸನ್ಯಾಸಿನಿಯಾಗಿರುವ ಅವರ ತಂಗಿ.

ಮೇಜಿನ ಮೇಲೆ ಬಿಡಿಸಿದೆ. ಕೆಂಪು ನಿಲುವಂಗಿಯ ಚಂದದ ಹುಡುಗಿ. ತಲೆಯ ಹಿಂದೆ ಚಿನ್ನದ ಬಳೆಯಂಥ ಪ್ರಭೆ. ಒಂದು ಕೈಯಲ್ಲಿ ಇಕ್ಕುಳ, ಇನ್ನೊಂದರಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಳ್ಳಗಿನ ಎರಡು ಇಡ್ಲಿ.

"ನೈವೇದ್ಯವಾ ಟೀಚರ್?" ಎಂದೆ.

"ಅಲ್ಲ ಮಾರಾಯ್ತಿ, ಅದು ಅವಳ ಮೊಲೆ! ಇವಳು ನಮ್ಮ ರಕ್ತಸಾಕ್ಷಿ, ಯೇಸುವಿಗಾಗಿ ಪ್ರಾಣ ಕೊಟ್ಟವಳು. ಇವಳ ಊರಿನ ಅಧಿಕಾರಿಗೆ ಇವಳು ಬೇಕಿತ್ತು, ಇವಳು ಒಪ್ಲಿಲ್ಲ. ಕೊಯ್ಸಿದ. ಇಟಲಿಯ ದೊಡ್ಡ ದೊಡ್ಡ ಚಿತ್ರಗಾರರು ಹಿಂದಿನ ಕಾಲದಲ್ಲಿ ಇಂಥದ್ದು ತುಂಬ ಬರೀತಿದ್ರಂತೆ."

ಚಿತ್ರದಿಂದ ಕೈ ತೆಗೆದೆ. ನಾನು ರಕ್ತ ಕಾಣದವಳಲ್ಲ, ದಿನಾ ಬಂಗುಡೆ ಮೀನು ಕೊಯ್ಯುವ ಕೈ. ಕೊಯ್ದರೆ ಹಲಗೆ ಕೆಂಪಾಗುತ್ತದೆ, ಬೆರಳು ನಾರುತ್ತದೆ. ಇಲ್ಲಿ ಒಂದು ಹನಿ ರಕ್ತವಿರಲಿಲ್ಲ. ಹುಡುಗಿಯ ಕೆನ್ನೆ ಗುಲಾಬಿ, ಬಟ್ಟೆಯಲ್ಲಿ ಒಂದು ಕಲೆಯಿಲ್ಲ. ಮದುವೆಮನೆಯಲ್ಲಿ ಪಾನಕ ಹಂಚುವವಳ ಹಾಗೆ, ತಕ್ಕೊಳ್ಳಿ ಎಂಬಂತೆ ತಟ್ಟೆ ಚಾಚಿದ್ದಳು. ಬರೆದವನು ಆ ಎರಡರ ತುದಿಗೆ ಎಷ್ಟು ಮುತುವರ್ಜಿಯಿಂದ ಬಣ್ಣ ಹಚ್ಚಿದ್ದ! ಯಾರನ್ನು ಕೂರಿಸಿ, ಏನನ್ನು ನೋಡಿ ಬರೆದನೋ. ಅಂಥದ್ದನ್ನು ಈ ಟೀಚರಿಗೇ ಕಳಿಸಿದ ತಂಗಿಯ ಮೇಲೂ ನನಗೆ ಹೇಸಿಗೆಯಾಯಿತು.

"ಮನೆಯ ಚಾವಡಿಯಲ್ಲಿ ತೂಗು ಹಾಕ್ಬೇಕು, ಒಳ್ಳೆ ಕಟ್ಟು ಹಾಕಿ," ಎಂದು ಅವರು ಹೋದರು.

"ಎಂತ ಚಿತ್ರ ಇದು! ಇದನ್ನು ನೋಡಿದ್ಮೇಲೆ ಊಟ ಸೇರ್ತದಾ?" ಎಂದರು ಗಂಡ. ಸಂಜೆಯೊಳಗೆ, ಕ್ಯಾಲೆಂಡರಿನ ಜಾಹೀರಾತನ್ನು ಮಡಚುವ ಹಾಗೆಯೇ, ತಟ್ಟೆಯಿದ್ದ ಕೆಳಭಾಗವನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದರು. "ಈಗ ಮೇರಿ ಮಾತೆಯ ಹಾಗೆ ಉಂಟು. ಟೀಚರಿಗೂ ಸಮಾಧಾನ." ನಾನು ಬೇಡವೆನ್ನಲಿಲ್ಲ. ಗಾಜು ಒರೆಸುವಾಗ ಆ ಹುಡುಗಿಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಮರುದಿನ ಬಂದ ಟೀಚರ್ ಕಟ್ಟಿನ ಕೆಳಗಿನ ಅಂಚಿಗೆ ಬೆರಳಿಟ್ಟರು.

"ತಟ್ಟೆ ಎಲ್ಲಿ?"

"ಹಿಂದೆ ಉಂಟು ಟೀಚರ್, ಕೊಯ್ಯಲಿಲ್ಲ. ನಿಮಗೆ ನೋಡ್ಲಿಕ್ಕೆ ಅಸಹ್ಯ ಆಗ್ತದೆ ಅಂತ…"

"ಅಸಹ್ಯವೇ. ನಾನೂ ಮೊದಲು ಅದರ ಮೇಲೆ ಪೇಪರ್ ಮುಚ್ಚಿಟ್ಟಿದ್ದೆ." ಸೆರಗನ್ನು ಎಳೆದುಕೊಂಡರು. "ನನ್ನದನ್ನು ಆಸ್ಪತ್ರೆಯವರು ಎಲ್ಲಿ ಬಿಸಾಡಿದ್ರೋ ಗೊತ್ತಿಲ್ಲ. ಕೇಳ್ಲಿಕ್ಕೆ ನಾಚಿಕೆ ಆಯ್ತು. ಇವಳದ್ದು ಇವಳ ಕೈಯಲ್ಲೇ ಉಂಟಲ್ಲ. ಅದನ್ನೇ ನೀವು ಮಡಚಿ ಹಾಕಿದ್ರೆ ನಾನು ಎಂತ ನೋಡ್ಲಿ ಮಾರಾಯ್ತಿ, ಇವಳ ಮೂಗಾ?"

ಗಂಡ ಮೊಳೆ ಕಿತ್ತರು. ಮಡಿಕೆಯ ಗೆರೆ ತಟ್ಟೆಯ ಅಂಚಿನ ಮೇಲೆಯೇ ಬಿದ್ದಿತ್ತು. ಅದನ್ನು ಬೆರಳಿನಿಂದ ತೀಡಿ ನೇರ ಮಾಡುವ ಕೆಲಸ ನನಗೆ ಬಂತು. ಬರೀ ಕಾಗದವೆಂದು ಗೊತ್ತಿದ್ದೂ ಕೈ ಹಿಂಜರಿಯಿತು. ವಾಂತಿಗೆ ಮೊದಲು ಊರುವಂಥ ನೀರು ಬಾಯಿ ತುಂಬಿತು. ಟೀಚರ್ ಪಕ್ಕದಲ್ಲೇ ನಿಂತು "ಅಲ್ಲಿ, ಇನ್ನು ಸ್ವಲ್ಪ" ಎನ್ನುತ್ತಿದ್ದರು. ಎಷ್ಟು ತೀಡಿದರೂ ಗೆರೆ ಪೂರ್ತಿ ಹೋಗಲಿಲ್ಲ.

"ಇರ್ಲಿ ಬಿಡು," ಎಂದರು. "ನನಗೂ ಉಂಟು ಅಂಥದ್ದೊಂದು."

ಚಿತ್ರ ಈಗ ತಟ್ಟೆ ಸಮೇತ, ದೊಡ್ಡದೊಂದು ಹೊಸ ಕಟ್ಟಿನಲ್ಲಿ ಅವರ ಚಾವಡಿಯಲ್ಲಿದೆ. ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ; ಆ ತಟ್ಟೆಯನ್ನು ಇಂದಿಗೂ ನನ್ನಿಂದ ನೋಡಲಾಗುವುದಿಲ್ಲ. ಟೀಚರ್ ಎದುರಿನ ಕುರ್ಚಿಯಲ್ಲಿ, ಸೆರಗು ಒಂದೇ ಸುತ್ತು ಹೊದ್ದು, ಅದನ್ನೇ ನೋಡುತ್ತ ಕೂರುತ್ತಾರೆ. ಇಡ್ಲಿ ತರಲಾ ಎಂದರೆ, ಬೇಡ, ಚಾ ಸಾಕು ಎನ್ನುತ್ತೇನೆ. ಅವರಿಗೆ ಕಾರಣ ಗೊತ್ತು. ಆದರೂ ಪ್ರತಿ ಸಲ ಕೇಳುತ್ತಾರೆ.