ಸಂಘದ ಕಪಾಟಿನ ಕಲ್ಲು

ಬಿಳಿ ಸಾಹೇಬರು ಗುಡ್ಡ ಹತ್ತುವುದನ್ನು ನೋಡಿ ಹಳಿಯಾಳದಲ್ಲಿ ನಾವೂ ಒಂದು ಸಂಘ ಕಟ್ಟಿದ್ದೆವು. ಮಾಸ್ತರರು, ಗುಮಾಸ್ತರು ಸೇರಿ ಎಂಟು ಜನ. ತುದಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಅಲ್ಲಿಂದ ಒಂದು ಕಲ್ಲು ತಂದು ಸಂಘದ ಕಪಾಟಿನಲ್ಲಿ ಇಡಬೇಕೆಂಬುದು ನಮ್ಮ ನಿಯಮ.

ಒಂದು ಶನಿವಾರ ಜೋಯಿಡಾದ ಗುಡ್ಡವೊಂದರ ಅರ್ಧ ದಾರಿಯಲ್ಲಿದ್ದ ಕಾವಲುಗಾರನ ಗುಡಿಸಲು ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಭಾನುವಾರ ಮಧ್ಯಾಹ್ನವಾದರೂ ಬಿಡಲಿಲ್ಲ. ಅವಲಕ್ಕಿ ತಿಂದೆವು, ಇಸ್ಪೀಟು ಆಡಿದೆವು, ಕಾವಲುಗಾರನ ಹೆಂಡತಿ ಕೊಟ್ಟ ಚಹಾ ಕುಡಿದೆವು. ಬಾಗಿಲು ದಾಟಿದ್ದು ಕಾಲುಮಡಿಯಲು ಮಾತ್ರ. ಹೊರಡುವಾಗ ಅಧ್ಯಕ್ಷರಾಗಿದ್ದ ಹೆಡ್‌ಮಾಸ್ತರರು ಸೂರಿನ ಕೆಳಗಿದ್ದ ಕಲ್ಲೊಂದನ್ನು ಚೀಲಕ್ಕೆ ಹಾಕಿ, "ಇದೂ ಗುಡ್ಡದ ಕಲ್ಲ ಅಲ್ಲೇನ್ರಿ" ಎಂದರು. ಯಾರೂ ತಕರಾರು ತೆಗೆಯಲಿಲ್ಲ. ಕಪಾಟಿನಲ್ಲಿಟ್ಟು ಹೂವನ್ನೂ ಏರಿಸಿದೆವು. ಅದರ ಒಂದು ಬದಿ ಕಪ್ಪಾಗಿದ್ದುದು ಸಿಡಿಲಿನ ಗುರುತೆಂದು ವಿಜ್ಞಾನದ ಮಾಸ್ತರರು ಬಂದವರಿಗೆಲ್ಲ ವಿವರಿಸಿದರು.

ಮರುವರ್ಷ ಅದೇ ಗುಡ್ಡಕ್ಕೆ ಹೋದಾಗ ಕಾವಲುಗಾರ ನಮ್ಮನ್ನು ದೂರದಿಂದಲೇ ಕಂಡು ಹೆಂಡತಿಗೆ ಕೂಗಿ ಹೇಳಿದ:

"ಒಲಿ ಕಲ್ಲು ಒಳಗ ಇಡು. ಗುಡ್ಡ ಹತ್ತೋ ಮಂದಿ ಬಂದ್ರು."